ಮೆಗ್ನೀಸಿಯಂ ಕ್ಲೋರೈಡ್ ಡಬ್ಬಿಯಲ್ಲಿ ತೇವಾಂಶ 33ಕ್ಕೆ ನಿಲ್ಲುತ್ತಿಲ್ಲ, ಯಾಕೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಅಲಸಂದೆ ಕಾಳು ಕೊರೆಯುವ ಹುಳುವಿನ ಮೊಟ್ಟೆಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಒಣಗಾಳಿಯಲ್ಲಿ ಎಷ್ಟು ಒಡೆಯುತ್ತವೆ, ತೇವದಲ್ಲಿ ಎಷ್ಟು ಅಂತ ನೋಡಬೇಕು. ಗಾಳಿಯಾಡದ ಎರಡು ಡಬ್ಬಿ ಇವೆ. ಒಂದರ ತಳದಲ್ಲಿ ಸೋಡಿಯಂ ಕ್ಲೋರೈಡ್ ದ್ರಾವಣ (ಒಳಗಿನ ಗಾಳಿಯ ತೇವಾಂಶ 75%ಕ್ಕೆ ನಿಲ್ಲಲಿ ಅಂತ), ಇನ್ನೊಂದರಲ್ಲಿ ಮೆಗ್ನೀಸಿಯಂ ಕ್ಲೋರೈಡ್ (33%ಕ್ಕೆ). ಮೇಲೆ ಜಾಲರಿ, ಅದರ ಮೇಲೆ ಕಾಳಿನ ಪೆಟ್ರಿ ಡಿಶ್. ಮೊದಲ ವಾರ ಎರಡನೇ ಡಬ್ಬಿ 40ರ ಹತ್ತಿರ ಇತ್ತು. ಈಗ ತೇವಾಂಶ ಮೀಟರ್ 58 ತೋರಿಸುತ್ತಿದೆ. 75ರ ಡಬ್ಬಿಯ ಮುಚ್ಚಳದ ಒಳಗೆ ನೀರಹನಿ ಬೇರೆ. ಊರು ಮಂಗಳೂರು, ಹೊರಗೆ ಮಳೆ ಬಿಟ್ಟಿಲ್ಲ. ಸಿಲಿಕಾ ಜೆಲ್ ಹಾಕಿಬಿಡಲಾ?

ಉತ್ತರ:
ಸಿಲಿಕಾ ಜೆಲ್ ಬೇಡ. ಅದು ಸುಮ್ನೆ ಒಣಗಿಸುತ್ತಾ ಹೋಗುತ್ತದೆ, ಒಂದು ಅಂಕಿಯಲ್ಲಿ ಹಿಡಿದು ನಿಲ್ಲಿಸುವುದಿಲ್ಲ.

ಮೊದಲು ಹೇಳಿ: ತಳದ ದ್ರಾವಣದಲ್ಲಿ ಕರಗದ ಉಪ್ಪು ಕಣ್ಣಿಗೆ ಕಾಣುತ್ತಿದೆಯಾ? ದಿನಕ್ಕೆ ಎಷ್ಟು ಸಲ ಮುಚ್ಚಳ ತೆಗೆಯುತ್ತೀರಿ? ಕಾಳನ್ನು ಎಲ್ಲಿಂದ ತಂದು ಹಾಕಿದಿರಿ?

ಪ್ರಶ್ನೆ ಕೇಳಿದವರು:
ಉಪ್ಪು ಕಾಣುತ್ತಿಲ್ಲ, ತಿಳಿನೀರಿನ ಹಾಗಿದೆ. ಪೂರ್ತಿ ಕರಗಿದರೆ ಒಳ್ಳೆಯದು ಅಂದುಕೊಂಡಿದ್ದೆ. ಮೂರು ಸಲ ತೆಗೆಯುತ್ತೇನೆ. ಕಾಳು ಅಂಗಡಿಯದ್ದು, ಅರ್ಧ ಕಿಲೋ, ತಂದ ದಿನವೇ ಹಾಕಿದೆ.

ಉತ್ತರ:
ಹಾಗಾದರೆ ಕಾರಣ ಅಲ್ಲೇ ಇದೆ. ದ್ರಾವಣದಲ್ಲಿ ಕರಗದ ಉಪ್ಪು ಉಳಿದಿರುವ ತನಕ ಮಾತ್ರ ಈ ವಿಧಾನ ನಡೆಯುತ್ತದೆ. ಹೊರಗಿಂದ ನೀರಾವಿ ಬಂದರೆ ದ್ರಾವಣ ಅದನ್ನು ಹೀರುತ್ತದೆ, ಸ್ವಲ್ಪ ಉಪ್ಪು ಕರಗುತ್ತದೆ, ಅಂಕಿ ಅಲ್ಲೇ ಇರುತ್ತದೆ. ಹರಳು ಮುಗಿಯಿತು ಅಂದರೆ ದ್ರಾವಣ ತೆಳ್ಳಗಾಗುತ್ತಾ ಹೋಗುತ್ತದೆ, ತೇವಾಂಶ ಏರುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಅಂತೂ ನೀರು ಎಳೆಯುವುದರಲ್ಲಿ ಬಲು ಜೋರು. ಮಳೆಗಾಲದ ಮಂಗಳೂರಿನಲ್ಲಿ ಬಾಟಲಿ ತೆರೆದಿಟ್ಟರೆ ಹರಳು ತಾನೇ ಒದ್ದೆಯಾಗಿ ಅಂಟುತ್ತದೆ, ನೋಡಿರುತ್ತೀರಿ ಅಲ್ವಾ? ನೀವು ದಿನಕ್ಕೆ ಮೂರು ಸಲ ಆ ಗಾಳಿಯನ್ನೇ ಒಳಗೆ ಬಿಡುತ್ತಿದ್ದೀರಿ.

ಉಪ್ಪು ಸುರಿದು, ನೀರನ್ನು ಚಮಚದಲ್ಲಿ ಹಾಕುತ್ತಾ ಕಲಸಿ. ಒದ್ದೆ ಮರಳಿನ ಹಾಗೆ ಆಗಬೇಕು, ಮೇಲೆ ತೆಳ್ಳಗೆ ನೀರು ಹೊಳೆದರೆ ಸಾಕು. ಅಗಲವಾದ ತಟ್ಟೆಯಲ್ಲಿ ಹರಡಿ. ಲೋಟದಲ್ಲಿಟ್ಟರೆ ಗಾಳಿಗೆ ತಾಗುವ ಜಾಗ ಕಡಿಮೆ, ಡಬ್ಬಿ ಸಮಕ್ಕೆ ಬರಲು ದಿನಗಟ್ಟಲೆ ಹಿಡಿಯುತ್ತದೆ.

ಇನ್ನು ಕಾಳು. ಇದನ್ನು ತುಂಬಾ ಜನ ಮರೆಯುತ್ತಾರೆ. ಕಾಳಿನೊಳಗೂ ನೀರಿದೆ. ಅರ್ಧ ಕಿಲೋದಲ್ಲಿ ನೂರಕ್ಕೆ 12 ಪಾಲು ನೀರಿದ್ದರೆ 60 ಗ್ರಾಂ ಆಯಿತು. ಒಣ ಡಬ್ಬಿಯಲ್ಲಿ ಅದರ ಒಂದು ಪಾಲು ಮೆಲ್ಲಗೆ ಹೊರಗೆ ಬರುತ್ತಲೇ ಇರುತ್ತದೆ. ಮೊಟ್ಟೆ ಇಡಿಸುವ ಮೊದಲೇ ಕಾಳನ್ನು ಅದೇ ತೇವಾಂಶದ ಬೇರೆ ಡಬ್ಬಿಯಲ್ಲಿ ತೆಳುವಾಗಿ ಹರಡಿ ಎರಡು ವಾರ ಇಡಿ. ದಿನ ಬಿಟ್ಟು ದಿನ ತೂಗಿ. ತೂಕ ಬದಲಾಗುವುದು ನಿಂತ ಮೇಲೆ ಬಳಸಿ. ಪ್ರಯೋಗಕ್ಕೆ 50 ಗ್ರಾಂ ಸಾಕು.

ಇನ್ನೊಬ್ಬರ ಉತ್ತರ:
ಮೀಟರನ್ನೂ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು (ಸೋಡಿಯಂ ಕ್ಲೋರೈಡ್), ನಾಲ್ಕು ಹನಿ ನೀರು. ಮೀಟರ್ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ತೋರಿಸಬೇಕು.

ಮುಚ್ಚಳದ ಹನಿಗೆ ಕಾರಣ ಉಷ್ಣತೆ. 25 ಡಿಗ್ರಿಯಲ್ಲಿ 75% ಇರುವ ಗಾಳಿ ಸುಮಾರು 20 ಡಿಗ್ರಿಯ ಮೇಲ್ಮೈಗೆ ತಾಗಿದರೆ ಸಾಕು, ಹನಿ ಕಟ್ಟುತ್ತದೆ. ಡಬ್ಬಿ ಎ.ಸಿ. ಗಾಳಿಗೆ ನೇರ ಇದೆಯಾ?

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ):
ಹೌದು, ಎ.ಸಿ. ಕೆಳಗೇ ಇತ್ತು. ಎರಡನ್ನೂ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಇಟ್ಟ ಮೇಲೆ ಹನಿ ನಿಂತಿದೆ. ಉಪ್ಪಿನ ಪರೀಕ್ಷೆಯಲ್ಲಿ ಮೀಟರ್ 81 ತೋರಿಸಿತು, ಅಂದರೆ 6 ಜಾಸ್ತಿ. ಈಗ ಮೆಗ್ನೀಸಿಯಂ ಡಬ್ಬಿಯಲ್ಲಿ 40 ಓದುತ್ತಿದೆ, ಕಳೆದರೆ 34. ದಿನಕ್ಕೊಂದೇ ಸಲ ತೆಗೆಯುತ್ತೇನೆ. ಹೊಸ ಮೊಟ್ಟೆಗಳ ಎಣಿಕೆ ನಿನ್ನೆ ಶುರು ಮಾಡಿದೆ. ಒಡೆದವು ಬೆಳ್ಳಗಾಗಿ ಕಾಳಿಗೆ ಅಂಟಿಕೊಂಡಿವೆ, ಒಡೆಯದವು ಇನ್ನೂ ತಿಳಿಯಾಗಿವೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.