ನರ್ಸಿಂಗ್ ಹೋಮಿನಲ್ಲಿ ಅಮ್ಮನ ಥೆರಪಿ ನಿಲ್ಲಿಸುತ್ತಾರಂತೆ, ಏನು ಮಾಡಲಿ?

ಹಾಸನದವಳು_ಜೆರ್ಸಿಯಲ್ಲಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 81. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಐದು ದಿನ ಆಸ್ಪತ್ರೆಯಲ್ಲಿದ್ದು ಈಗ ನ್ಯೂಜೆರ್ಸಿಯ ಒಂದು ನರ್ಸಿಂಗ್ ಹೋಮಿನಲ್ಲಿದ್ದಾರೆ (ಇಲ್ಲಿ ಹಾಗಂದರೆ ಆಸ್ಪತ್ರೆಯಲ್ಲ, ಆರೈಕೆ ಕೇಂದ್ರ). ಇವತ್ತಿಗೆ 34 ದಿನ. ಮೊದಲು ಚೆನ್ನಾಗಿ ಚೇತರಿಸಿಕೊಂಡರು. ಎರಡು ವಾರದಿಂದ ವಾಕರ್ ಹಿಡಿದು ಹನ್ನೆರಡು ಹೆಜ್ಜೆ, ಬಾಗಿಲವರೆಗೆ, ಅಷ್ಟೇ. "ಸುಧಾರಣೆ ಕಾಣುತ್ತಿಲ್ಲ, ಶುಕ್ರವಾರ ಮೆಡಿಕೇರ್ ಕವರೇಜ್ ಮುಗಿಯುತ್ತದೆ" (ಮೆಡಿಕೇರ್ ಅಂದರೆ ಇಲ್ಲಿ ವಯಸ್ಸಾದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ) ಅಂತ ಹೇಳಿ ಒಂದು ಕಾಗದಕ್ಕೆ ನನ್ನ ಸೈನ್ ತಗೊಂಡರು. ತಪ್ಪು ಮಾಡಿದೆನಾ? ಥೆರಪಿ ನಿಂತರೆ ಆ ಹನ್ನೆರಡು ಹೆಜ್ಜೆಯೂ ಹೋಗುತ್ತದೆ ಅಲ್ವಾ? ಅಮ್ಮನಿಗೆ ಇಂಗ್ಲಿಷ್ ಬೇರೆ ಬರುವುದಿಲ್ಲ.

ಫಿಸಿಯೋ_ಕನ್ನಡಿಗ

ಗಾಬರಿಯಾಗಬೇಡಿ. ಆ ಸೈನ್ ಅಂದರೆ ಕಾಗದ ಕೈಗೆ ಬಂತು ಅಂತ ಅಷ್ಟೇ, ಒಪ್ಪಿಕೊಂಡೆ ಅಂತಲ್ಲ. ಅದರಲ್ಲೇ ಅಪೀಲಿನ ಫೋನ್ ನಂಬರ್ ಇದೆ. ಕೊನೆ ದಿನ ಶುಕ್ರವಾರ ಅಂತ ಬರೆದಿದ್ದರೆ ಗುರುವಾರ ಮಧ್ಯಾಹ್ನ 12ರ ಒಳಗೆ ಫೋನ್ ಮಾಡಲೇಬೇಕು. ಇದೊಂದನ್ನು ತಪ್ಪಿಸಬೇಡಿ.

"ಸುಧಾರಣೆ ಇಲ್ಲ" ಅನ್ನುವುದೊಂದೇ ಕಾರಣ ಸಾಲದು. ಮೆಡಿಕೇರ್ ವಿಷಯದಲ್ಲಿ ರೋಗಿಗಳು ಸರ್ಕಾರದ ಮೇಲೆ ಹಾಕಿದ್ದ ಜಿಮ್ಮೊ ಕೇಸಿನ ರಾಜಿ 2013ರಲ್ಲಿ ಆಯಿತು, ಅಲ್ಲಿಂದ ಇದು ಸ್ಪಷ್ಟವಾಗಿದೆ: ಇರುವ ಶಕ್ತಿ ಉಳಿಸಿಕೊಳ್ಳಲು, ಇಳಿಯುವುದನ್ನು ನಿಧಾನ ಮಾಡಲು ಥೆರಪಿಸ್ಟ್ ಕೈಯೇ ಬೇಕು ಅಂತಿದ್ದರೆ ಮೆಡಿಕೇರ್ ಕೊಡಬೇಕು. ಆದರೆ ಸಹಾಯಕಿಯೊಬ್ಬರು ಕೈ ಹಿಡಿದು ನಡೆಸಿದರೆ ಸಾಕು ಅಂತಾದರೆ ಕೊಡುವುದಿಲ್ಲ. ಹಾಗಾಗಿ ಥೆರಪಿಸ್ಟ್ ಹತ್ತಿರ ಕೂತು ಕೇಳಿ: ಅಮ್ಮನ ಮೊಣಕಾಲು ಮಡಚಿಬಿಡುತ್ತದಾ, ಎದ್ದ ತಕ್ಷಣ ಬಿಪಿ ಬೀಳುತ್ತದಾ? ಅಂಥದ್ದು ಇದ್ದರೆ ನೋಟ್ಸಿನಲ್ಲಿ ಬರೆಯಲಿ. ಅಪೀಲು ನೋಡುವವರು ಓದುವುದು ಅದನ್ನೇ.

ದುಡ್ಡಿನ ವಿಷಯ: 20 ದಿನ ಪೂರ್ತಿ ಮೆಡಿಕೇರ್, 21ರಿಂದ 100ರವರೆಗೆ ದಿನಕ್ಕಿಷ್ಟು ಅಂತ ನಿಮ್ಮ ಪಾಲು. ಬೇರೆ ಇನ್ಶೂರೆನ್ಸ್ ಇದ್ದರೆ ಅದು ಕಟ್ಟುತ್ತದಾ ನೋಡಿ. ಈ ಮೆಡಿಕೇರ್ ಕವರೇಜ್ ನಿಂತರೂ ಪಾರ್ಟ್ ಬಿ (ಮೆಡಿಕೇರಿನದೇ ಇನ್ನೊಂದು ಭಾಗ, ಡಾಕ್ಟರ್ ಖರ್ಚಿನಂಥದ್ದಕ್ಕೆ) ಇದ್ದರೆ ಅದರಲ್ಲಿ ಅಲ್ಲೇ ಥೆರಪಿ ಸಿಗಬಹುದು, ಕೇಳಿ. ಏನೇ ಆಗಲಿ, ಸಹಾಯಕಿಯರು ಅಮ್ಮನನ್ನು ದಿನಾ ನಡೆಸಬೇಕು ಅಂತ ಕೇರ್ ಪ್ಲಾನಿನಲ್ಲಿ (ಅಮ್ಮನ ಆರೈಕೆ ಹೇಗೆ ಅಂತ ಅಲ್ಲಿಯವರು ಬರೆದಿಡುವ ಯೋಜನೆ) ಬರೆಸಿ. ವಯಸ್ಸಾದವರು ಒಂದು ವಾರ ಸುಮ್ನೆ ಮಲಗಿದರೂ ಕಾಲಿನ ಬಲ ಹೋಗಿಬಿಡುತ್ತದೆ.

ಸೇವಂತಿಗೆ_ದಂಡೆ

ಭಾಷೆ ಬಗ್ಗೆ ನಾನು ಹೇಳುತ್ತೇನೆ. ಫೋನಿನಲ್ಲಿ ಕನ್ನಡ ದುಭಾಷಿ ಬೇಕು ಅಂತ ಕೇಳಿ, ಅದಕ್ಕೆ ದುಡ್ಡು ತಗೊಳ್ಳುವಂತಿಲ್ಲ. ನಮ್ಮ ಅತ್ತೆಗೆ ಸ್ಟ್ರೋಕ್ ಆದಾಗ "ಮುಂದೆ ಜರುಗಿ, ಕಾಲು ಹಿಂದೆ ತಗೊಳ್ಳಿ, ಬಾಗಿ, ಏಳಿ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕುರ್ಚಿ ಪಕ್ಕದ ಗೋಡೆಗೆ ಅಂಟಿಸಿದ್ದೆ. ಥೆರಪಿಸ್ಟ್ ಹುಡುಗಿ ಅದನ್ನೇ ನೋಡಿಕೊಂಡು ಹೇಳುತ್ತಿದ್ದಳು, ಅತ್ತೆ ನಗುತ್ತಾ ಏಳುತ್ತಿದ್ದರು.

ಆಕ್ಯುಪೇಷನಲ್ ಥೆರಪಿಯಲ್ಲಿ, ಅಂದರೆ ದಿನನಿತ್ಯದ ಕೆಲಸ ಮತ್ತೆ ಮಾಡಲು ಕಲಿಸುವ ಥೆರಪಿಯಲ್ಲಿ, ಪ್ಲಾಸ್ಟಿಕ್ ಕಡ್ಡಿ ತೂತಿಗೆ ಸಿಕ್ಕಿಸಿ ಅಂದರೆ ಅತ್ತೆ ಪಕ್ಕಕ್ಕೆ ತಳ್ಳಿಬಿಡುತ್ತಿದ್ದರು. ಒಂದು ದಿನ ಅಂಗಡಿಯಿಂದ ಸೇವಂತಿಗೆ, ದಾರ ತಂದುಕೊಟ್ಟೆ. ಎಡಗೈ ಬೆರಳು ಸರಿಯಾಗಿ ಮಡಚದು, ಆದರೂ ಹೂವನ್ನು ಒತ್ತಿ ಹಿಡಿದರು, ಬಲಗೈಯಲ್ಲಿ ದಾರ ಸುತ್ತಿದರು. ಅರ್ಧ ಗಂಟೆಗೆ ನಾಲ್ಕೇ ಹೂ. ಮರುದಿನದಿಂದ ಅದೇ ಅವರ ಥೆರಪಿ ಆಯಿತು. ನಿಮ್ಮಮ್ಮ ಮನೆಯಲ್ಲಿ ದಿನಾ ಏನು ಮಾಡುತ್ತಿದ್ದರು ಅಂತ ಥೆರಪಿಸ್ಟಿಗೆ ಹೇಳಿ, ಅವರಾಗಿ ಊಹಿಸಲು ಆಗುವುದಿಲ್ಲ.

ಹಾಸನದವಳು_ಜೆರ್ಸಿಯಲ್ಲಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಹತ್ತಕ್ಕೇ ಫೋನ್ ಮಾಡಿ ಅಪೀಲು ಕೊಟ್ಟೆ. ಎದ್ದ ತಕ್ಷಣ ತಲೆ ತಿರುಗುವುದು, ಬಿಪಿ ಇಳಿಯುವುದು ನಿಜವೇ ಅಂತೆ, ಥೆರಪಿಸ್ಟ್ ಬರೆಯುತ್ತೇನೆ ಅಂದರು. ಅಮ್ಮ ದಿನಾ ತುಳಸಿಗೆ ನೀರು ಹಾಕುತ್ತಿದ್ದರು ಅಂದೆ. ಮನೆಯಿಂದ ಚಿಕ್ಕ ಕುಂಡ ತಂದು ಅವರ ರೂಮಿನ ಹೊರಗೆ ಕಾರಿಡಾರಿನ ಕಿಟಕಿಯಲ್ಲಿ ಇಟ್ಟಿದ್ದೇವೆ, ಬಾಗಿಲಿಗಿಂತ ಮೂರು ಹೆಜ್ಜೆ ಆಚೆ. ಅಲ್ಲೊಂದು ಕುರ್ಚಿಯನ್ನೂ ಹಾಕಿಸಿದ್ದೇನೆ.