ಪದ ಬೇಕು: ಝೆಲ್ಯು ಝೆಲೆವ್ ಪರಿಚಯದಲ್ಲಿ 'ಡಿಸಿಡೆಂಟ್'ಗೆ ಏನನ್ನಲಿ?

ಎಲ್ಲರಿಗೂ ನಮಸ್ಕಾರ. ಬಲ್ಗೇರಿಯಾದ ಝೆಲ್ಯು ಝೆಲೆವ್ ಬಗ್ಗೆ ಒಂದು ಪುಟ್ಟ ಪರಿಚಯ ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮೊದಲ ಸಾಲಲ್ಲೇ ನಿಂತಿದ್ದೇನೆ: 'ಡಿಸಿಡೆಂಟ್ ಆಗಿದ್ದವರು 1990ರ ಆಗಸ್ಟ್ 1ರಂದು ದೇಶದ ಅಧ್ಯಕ್ಷರಾದರು.' ಡಿಸಿಡೆಂಟ್ ಅಂದರೆ ಪ್ರಭುತ್ವವನ್ನು ಒಪ್ಪದೆ ಅದರ ವಿರುದ್ಧ ಮಾತಾಡುವವರು. ಭಿನ್ನಮತೀಯ ಅಂತ ಬರೆದು ಹೊಡೆದುಹಾಕಿದೆ. ನಮ್ಮ ಪತ್ರಿಕೆಗಳಲ್ಲಿ ಭಿನ್ನಮತೀಯ ಅಂದರೆ ಮಂತ್ರಿಗಿರಿ ಸಿಗಲಿಲ್ಲ ಅಂತ ಮುನಿಸಿಕೊಂಡು ರೆಸಾರ್ಟ್ ಸೇರಿದ ಶಾಸಕ. ಈ ಮನುಷ್ಯನನ್ನು 1965ರಲ್ಲಿ ಕಮ್ಯುನಿಸ್ಟ್ ಪಕ್ಷದಿಂದ ಹೊರಹಾಕಿದ್ದು ಲೆನಿನ್ನನ ತತ್ವವನ್ನು ಪ್ರಶ್ನಿಸಿದ್ದಕ್ಕೆ. ಆಮೇಲೆ ವರ್ಷಗಟ್ಟಲೆ ಕೆಲಸ ಇರಲಿಲ್ಲ. 1982ರಲ್ಲಿ ಬಂದ ಅವರ 'ಫ್ಯಾಷಿಸಂ' ಪುಸ್ತಕವನ್ನು ಕೆಲವೇ ವಾರಗಳಲ್ಲಿ ಅಂಗಡಿಗಳಿಂದ ತೆಗೆಸಿದರು. ಬೇರೆ ಪದ ಇದ್ದರೆ ಹೇಳಿ.

ಮರು:
ಭಿನ್ನಮತೀಯ. ನಿಘಂಟಿನಲ್ಲಿದೆ. ಪತ್ರಿಕೆಯವರು ಸವೆಸಿದರು ಅಂತ ಒಳ್ಳೆ ಪದ ಬಿಡೋಕಾಗಲ್ಲ.

ಮರು: ಮರು:
'ಮತ' ಅಂದರೆ ಇವತ್ತು ಓಟು, ಇಲ್ಲವೇ ಧರ್ಮ. ಭಿನ್ನಮತೀಯ ಅಂದರೆ ಬೇರೆ ಧರ್ಮದವನು ಅಂದುಕೊಳ್ಳುವ ಓದುಗರೂ ಇದ್ದಾರೆ. ಲ್ಯಾಟಿನ್ ಮೂಲ ನೋಡಿ. ಅಲ್ಲಿ ಇದಕ್ಕೆ 'ಬೇರೆಯಾಗಿ ಕೂರು' ಅನ್ನೋ ಅರ್ಥ. ಅಚ್ಚಕನ್ನಡದಲ್ಲಿ 'ಬೇರೆಕೂತವ' ಅನ್ನಬಹುದು. ನಾವು ಬಳಸದೆ ಪದ ಬೆಳೆಯೋದು ಹೇಗೆ?

ಮರು: ಮರು: ಮರು:
ಬೇಡವೇ ಬೇಡ. 'ಬೇರೆ ಕೂತವ' ಅಂದರೆ ಇಲ್ಲಿ ಪಂಕ್ತಿಭೇದ ನೆನಪಾಗುತ್ತೆ. ಬಲ್ಗೇರಿಯಾದವರೇ ಅದನ್ನು ಎರವಲು ತಂದು 'ದಿಸಿದೆಂಟ್' ಅಂತಾರೆ. ಅವರಿಗಿಲ್ಲದ ಮಡಿ ನಮಗೇಕೆ? ಬಸ್ಸು, ಓಟು, ಪೊಲೀಸ್ ಬಂದ ದಾರಿಯಲ್ಲೇ ಡಿಸಿಡೆಂಟೂ ಬರಲಿ.

ಮರು:
ಜಗಳಕ್ಕೆ ಮುಂಚೆ ಆ ಮನುಷ್ಯನ ಮುಂದಿನ ಕತೆ ಸ್ವಲ್ಪ ನೋಡಿ. 1989ರ ನವೆಂಬರ್ 10ರಂದು ಬಲ್ಗೇರಿಯಾದ ಕಮ್ಯುನಿಸ್ಟ್ ನಾಯಕ ಝಿವ್ಕೋವ್ ಅಧಿಕಾರದಿಂದ ಇಳಿದರು. ಡಿಸೆಂಬರಿನಲ್ಲಿ ವಿರೋಧಿ ಗುಂಪುಗಳೆಲ್ಲ ಸೇರಿ ಪ್ರಜಾತಾಂತ್ರಿಕ ಶಕ್ತಿಗಳ ಒಕ್ಕೂಟ ಕಟ್ಟಿದವು, ಝೆಲೆವ್ ಅದರ ಮುಖ್ಯಸ್ಥರಾದರು. ಮುಂದಿನ ವರ್ಷ ಸಂಸತ್ತು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 1992ರ ಜನವರಿಯಲ್ಲಿ ಜನರೇ ನೇರವಾಗಿ ಆರಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಅವರು ತಮ್ಮದೇ ಒಕ್ಕೂಟದ ಪ್ರಧಾನಿ ಫಿಲಿಪ್ ದಿಮಿತ್ರೋವ್ ಸರ್ಕಾರವನ್ನು ಬಹಿರಂಗವಾಗಿ ಟೀಕಿಸಿದರು. ಅಕ್ಟೋಬರಿನಲ್ಲಿ ಸರ್ಕಾರ ವಿಶ್ವಾಸಮತ ಸೋತಿತು. ಒಕ್ಕೂಟದವರು ಅದನ್ನು ಮರೆಯಲಿಲ್ಲ. 1996ರಲ್ಲಿ ಅಭ್ಯರ್ಥಿಯ ಆಯ್ಕೆಗೆ ನಡೆದ ಒಳ ಚುನಾವಣೆಯಲ್ಲಿ ಪೆತರ್ ಸ್ತೊಯಾನೋವ್ ಮುಂದೆ ಝೆಲೆವ್ ಸೋತರು. ಅಧಿಕಾರದಲ್ಲಿದ್ದ ಅಧ್ಯಕ್ಷರಿಗೇ ಟಿಕೆಟ್ ತಪ್ಪಿತು!

1992ರ ಝೆಲೆವ್‌ಗೆ ನಮ್ಮ ಪತ್ರಿಕೆಗಳ 'ಭಿನ್ನಮತ' ಸರಿಯಾಗಿ ಕೂರುತ್ತೆ. ಅದು ಪಕ್ಷದ ಒಳಗಿನ ಜಗಳ. 1965ರ ಝೆಲೆವ್‌ಗೆ ಕೂರಲ್ಲ. ಆಗ ಎದುರಿದ್ದದ್ದು ಪ್ರಭುತ್ವ. ಎರಡಕ್ಕೂ ಒಂದೇ ಪದ ಹಾಕಿದರೆ ಓದುಗರಿಗೆ ವ್ಯತ್ಯಾಸವೇ ತಿಳಿಯಲ್ಲ. ಬಂಡಾಯಗಾರ ಅನ್ನಲೂ ಹೋಗಬೇಡಿ, ಅದು ಬಂಡಾಯ ಅಭ್ಯರ್ಥಿಯ ಕಡೆಗೆ ಎಳೆಯುತ್ತೆ.

ಮರು: ಮರು:
ತುಂಬಾ ಉಪಕಾರವಾಯ್ತು ಸರ್. ಮೊದಲ ಸಾಲು ಹೀಗೆ ಮಾಡಿದೆ: 'ಕಮ್ಯುನಿಸ್ಟ್ ಆಡಳಿತವನ್ನು ಪ್ರಶ್ನಿಸಿ ಮೂಲೆಗುಂಪಾಗಿದ್ದ ಚಿಂತಕ.' 1992ರ ಜಾಗಕ್ಕೆ 'ಭಿನ್ನಮತ'. ಒಂದು ಪದಕ್ಕೆ ಐದು ಪದ ಆಯ್ತು, ಆದರೆ ಅರ್ಥ ಕೆಡಲಿಲ್ಲ.

ಮರು: ಮರು: ಮರು:
ಪ್ರಶ್ನೆ ಸಂಸ್ಕೃತ, ಚಿಂತಕ ಸಂಸ್ಕೃತ. 'ಕೇಳಿದವ' ಅಂದಿದ್ದರೆ ಸಾಕಿತ್ತು. ಪ್ರತಿ ಸಲವೂ ಅಚ್ಚಿಗೆ ಹೋಗುವ ಆತುರದಲ್ಲೇ ಕನ್ನಡದ ಪದ ಹಿಂದೆ ಬೀಳುತ್ತೆ.

ಮರು:
'ಕೇಳಿದವ' ಅಂದರೆ ಕಿವಿಗೊಟ್ಟವನೂ ಹೌದು. ಅನುವಾದಕರನ್ನು ಬಿಡಿ ಸ್ವಾಮಿ, ಅವರಿಗೆ ಕೆಲಸ ಇದೆ. ಎರವಲಿನ ಚರ್ಚೆ ಬೇಕಿದ್ದರೆ ಬೇರೆ ಎಳೆ ಶುರು ಮಾಡಿ.