ಸಲಹೆ ಪೆಟ್ಟಿಗೆ ಖಾಲಿ: ಜನರಿಂದ ಹೊಸ ಐಡಿಯಾ ತೆಗೆಯೋದು ಹೇಗೆ?

ಪ್ರಶ್ನೆ, ಪುಣೆಯ ಭೋಸರಿ: 60 ಜನರ ಮಷಿನ್ ಶಾಪ್. ಅರ್ಧ ಜನ ಮರಾಠಿಯವರು, ಉಳಿದವರು ಬೀದರ್, ಕಲಬುರಗಿ ಕಡೆಯವರು. ಸಲಹೆ ಪೆಟ್ಟಿಗೆ ಇಟ್ಟು ಆರು ತಿಂಗಳಾಯ್ತು. ಬಂದದ್ದು ನಾಲ್ಕು ಚೀಟಿ, ಅದರಲ್ಲಿ ಮೂರು ಕ್ಯಾಂಟೀನ್ ಚಹಾದ ಬಗ್ಗೆ. ಬಹುಮಾನ ಜಾಸ್ತಿ ಮಾಡಿದರೆ ಸರಿಹೋಗುತ್ತಾ?

ಚಾಕಣ್‌ನಿಂದ: ಮೊದಲು ಚಹಾ ಸರಿ ಮಾಡಿಸಿ ಸರ್. ತಮಾಷೆಯಲ್ಲ, ಆ ಮೂರು ಚೀಟಿಗೆ ಏನಾಯ್ತು ಅಂತ ಇಡೀ ಶಾಪ್ ನೋಡ್ತಿರುತ್ತೆ. ಆಮೇಲೆ ಬೀಗ ಹಾಕಿದ ಪೆಟ್ಟಿಗೆ ತೆಗೆದು ಬೋರ್ಡ್ ತೂಗುಹಾಕಿ: ಬಂತು, ಟ್ರಯಲ್, ಆಯ್ತು, ಆಗಲ್ಲ. 48 ಗಂಟೆಯೊಳಗೆ ಸೂಪರ್‌ವೈಸರ್ ಸಲಹೆ ಕೊಟ್ಟವನ ಮಷಿನ್ ಹತ್ತಿರ ಹೋಗಿಯೇ ಮಾತಾಡಬೇಕು. ‘ಆಗಲ್ಲ’ ಅಂದ್ರೆ ಕಾರಣವನ್ನೂ ಬರೀಬೇಕು. 2,000 ರೂಪಾಯಿವರೆಗಿನ ಟ್ರಯಲ್‌ಗೆ ಸೂಪರ್‌ವೈಸರ್ ಸಹಿಯೇ ಸಾಕು ಅಂತ ಮಾಡಿ; ಒಳ್ಳೆ ಐಡಿಯಾಗಳು ಸಾಯೋದು ಪರ್ಚೇಸ್ ಮೇಜಿನ ಮೇಲೆ. ತಲೆಗೆ ತಿಂಗಳಿಗೆ ಎರಡು ಅಂತ ಕೋಟಾ ಮಾತ್ರ ಇಡಬೇಡಿ. ‘ಇಲ್ಲೊಂದು ಬೋರ್ಡ್ ಬೇಕು’ ಅನ್ನೋ ಚೀಟಿಗಳೇ ತುಂಬುತ್ತವೆ.

ಪಿಂಪ್ರಿ, ಟೂಲ್ ರೂಮ್: ಬಹುಮಾನ ಚಿಕ್ಕದಿರಲಿ, ಕೂಡಲೇ ಕೊಡಿ. ಉಳಿತಾಯದಲ್ಲಿ ಶೇ. 10 ಅಂದ್ರೆ ಐಡಿಯಾ ಯಾರದು ಅಂತ ಜಗಳ ಶುರು. ಅದಕ್ಕಿಂತ ದೊಡ್ಡ ಅಡ್ಡಿ ಬೇರೆ ಇದೆ: ಸೈಕಲ್ ಟೈಮ್ (ಒಂದು ಪೀಸ್‌ಗೆ ಹಿಡಿಯೋ ಸಮಯ) ಇಳಿಸಿದವನಿಗೆ ಮರುವಾರವೇ ಟಾರ್ಗೆಟ್ ಏರಿಸಿದರೆ ಇನ್ಯಾರೂ ಬಾಯಿ ಬಿಡಲ್ಲ. ಆರು ತಿಂಗಳು ಟಾರ್ಗೆಟ್ ಏರಿಸಲ್ಲ ಅಂತ ಬರೆದು ಅಂಟಿಸಿ.

‘ಐಡಿಯಾ ಕೊಡಿ’ ಅಂತಲೂ ಕೇಳಬೇಡಿ, ‘ಎಲ್ಲಿ ಕಿರಿಕಿರಿ ಆಗ್ತಿದೆ’ ಅಂತ ಕೇಳಿ. ಸೆಟಪ್‌ನಿಂದ, ಅಂದ್ರೆ ಮುಂದಿನ ಜಾಬ್‌ಗೆ ಮಷಿನ್ ಅಣಿ ಮಾಡೋದರಿಂದ, ಶುರು ಮಾಡಿ. ಕೊನೆಯ ಒಳ್ಳೆ ಪೀಸ್‌ನಿಂದ ಮುಂದಿನ ಜಾಬ್‌ನ ಮೊದಲ ಒಳ್ಳೆ ಪೀಸ್‌ವರೆಗೆ ವಿಡಿಯೊ ತೆಗೆದು, ಆಪರೇಟರ್ ಜೊತೆಗೇ ಕೂತು ನೋಡಿ. ಅಲೆನ್ ಕೀ ಹುಡುಕಾಟ, ಜಾ (ಪೀಸನ್ನು ಕಚ್ಚಿ ಹಿಡಿಯೋ ಹಲ್ಲು) ತರೋಕೆ ಸ್ಟೋರ್‌ಗೆ ನಡಿಗೆ, ಇನ್‌ಸ್ಪೆಕ್ಟರ್‌ಗೆ ಕಾಯೋದು ಎಲ್ಲ ಅಲ್ಲೇ ಕಾಣುತ್ತೆ. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ 1950ರಲ್ಲೇ ಈ ಕೆಲಸವನ್ನು ಎರಡಾಗಿ ಒಡೆದರು: ಮಷಿನ್ ನಿಂತಾಗಲೇ ಮಾಡಬೇಕಾದ್ದು, ಓಡ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ್ದು. ಜಾ, ಇನ್ಸರ್ಟ್ (ಕತ್ತರಿಸೋ ತುದಿ), ಅಳತೆಯ ಗೇಜ್ ಎಲ್ಲ ಮೊದಲೇ ಟ್ರಾಲಿಗೆ ಬಂದು ಕೂತರೆ ದುಡ್ಡು ಖರ್ಚಿಲ್ಲದೆ ಟೈಮ್ ಇಳಿಯುತ್ತೆ.

ಎರಡನೇ ಕಿರಿಕಿರಿ ಉಲ್ಟಾ ಲೋಡಿಂಗ್. ಎರಡೂ ಕಡೆ ಒಂದೇ ಥರ ಕಾಣೋ ಪೀಸ್ ಫಿಕ್ಸ್ಚರ್‌ನಲ್ಲಿ (ಪೀಸ್ ಹಿಡಿದಿಡೋ ಚೌಕಟ್ಟು) ತಿರುಗಿ ಕೂತ್ರೆ ತೂತು ತಪ್ಪು ಜಾಗಕ್ಕೆ ಬೀಳುತ್ತೆ. ಉಲ್ಟಾ ಇಟ್ಟಾಗ ಮಾತ್ರ ತಾಗೋ ಜಾಗದಲ್ಲಿ 6 ಮಿ.ಮೀ. ಡೋವೆಲ್ ಪಿನ್ (ಚಿಕ್ಕ ಗೂಟ) ಹಾಕಿ. ಎಲ್ಲರೂ ಎಡವೋದು ಇಲ್ಲೇ: ಪಿನ್ ಬುಡದಲ್ಲಿ ಚಿಪ್ಸ್ (ಲೋಹದ ಚೂರು) ಸಿಕ್ಕಿಕೊಂಡು ಸರಿಯಾಗಿಟ್ಟ ಪೀಸೂ ಕೂರಲ್ಲ, ಮೂರನೇ ದಿನ ಯಾರೋ ಪಿನ್ನನ್ನೇ ಕಿತ್ತು ಬಿಸಾಡ್ತಾರೆ. ಬುಡದ ಸುತ್ತ ಚಿಪ್ಸ್ ಜಾರೋಕೆ ಜಾಗ ಬಿಡಿ.

ವೆರ್ನಾ, ಗೋವಾ: ಔಷಧ ಕಾರ್ಖಾನೆಯಲ್ಲಿ ಚೇಂಜ್ ಕಂಟ್ರೋಲ್ (ಬದಲಾವಣೆಗೆ ಮೊದಲೇ ಪಡೆಯೋ ಲಿಖಿತ ಒಪ್ಪಿಗೆ) ಇಲ್ಲದೆ ಏನೂ ಬದಲಿಸೋ ಹಾಗಿಲ್ಲ. ಆಟೊ ಪಾರ್ಟ್ಸ್ ಆದ್ರೆ ನಿಮಗೂ ಗ್ರಾಹಕರ ಒಪ್ಪಿಗೆ ಬೇಕಾಗಬಹುದು. ಟ್ರಾಲಿ, ಕಪಾಟು, ಲೈಟು: ಇವತ್ತೇ ಮಾಡಿ. ಫಿಕ್ಸ್ಚರ್, ಫೀಡ್ (ಟೂಲ್ ಸಾಗೋ ವೇಗ), ಕೂಲಂಟ್: ಕ್ವಾಲಿಟಿಯವರ ಸಹಿ ಆದಮೇಲೆ. ಈ ಗೆರೆಯನ್ನು ಬೋರ್ಡ್ ಮೇಲೇ ಎಳೆದುಬಿಡಿ.

ಮಾಟುಂಗ, ಹೋಟೆಲ್ ಲೈನ್: ಬೆಳಿಗ್ಗೆ ಒಂಬತ್ತರ ರಶ್‌ನಲ್ಲಿ ದೋಸೆ ಭಟ್ರನ್ನ ಐಡಿಯಾ ಕೇಳಿದ್ರೆ ಸಟ್ಟುಗವೇ ಉತ್ತರ! ಮಧ್ಯಾಹ್ನ ಮೂರಕ್ಕೆ ಕೇಳಬೇಕು, ಆಗ ಬಾಯಿ ಬಿಡ್ತಾರೆ. ಅಮೆರಿಕದ 3ಎಂ ಕಂಪನಿ 1948ರಿಂದಲೇ ಸ್ವಂತ ಯೋಚನೆಗೆ ಶೇ. 15ರಷ್ಟು ಸಮಯ ಬಿಟ್ಟಿತ್ತು. ನೀವು ಶಿಫ್ಟ್ ಒಳಗೇ ಹತ್ತು ನಿಮಿಷ ಕೊಡಿ, ಪಂಚ್ ಔಟ್ ಆದಮೇಲಲ್ಲ.

ಭೋಸರಿ: ವಿಡಿಯೊ ಅಂದ್ರೆ ಜನ ಹೆದರಲ್ವಾ?

ಪಿಂಪ್ರಿ: ಹೆದರ್ತಾರೆ. ಅವನ ಫೋನಲ್ಲೇ ತೆಗೀರಿ, ಅಲ್ಲೇ ಅಳಿಸಿ. ಎಚ್‌ಆರ್ ಕೈಗೆ ಹೋಗಬಾರದು. ಮೊದಲನೇ ವಿಡಿಯೊ ಸೂಪರ್‌ವೈಸರ್ ಸೆಟಪ್ ಮಾಡೋದೇ ಇರಲಿ, ಆಪರೇಟರ್‌ಗಳು ನೋಡಿ ತಪ್ಪು ಹುಡುಕಲಿ.